ಮನೆ ವಿಮೆ ಇದ್ದರೂ ಸೋರುವ ಮಾಳಿಗೆಗೆ ದುಡ್ಡು ಯಾಕೆ ಬರಲ್ಲ

ನೀರಿನಿಂದ ಮನೆ ಹಾಳಾದಾಗ ಎಷ್ಟು ನಷ್ಟ ಆಯ್ತು ಅಂತ ವಿಮೆ ಕಂಪನಿ ಮೊದಲು ಕೇಳಲ್ಲ. ನೀರು ಎಲ್ಲಿಂದ ಬಂತು, ಒಮ್ಮೆಲೇ ಬಂತೋ, ದಿನಾ ಸ್ವಲ್ಪ ಸ್ವಲ್ಪ ಜಿನುಗ್ತಾ ಬಂತೋ ಅಂತ ಕೇಳುತ್ತೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಕ್ಲೇಮ್‌ಗಳು ಬಿದ್ದುಹೋಗೋದು ಇಲ್ಲೇ.

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆ ಕಂಪನಿಗಳಲ್ಲಿ 'ಭಾರತ್ ಗೃಹ ರಕ್ಷಾ' ಅನ್ನೋ ಒಂದೇ ಮಾದರಿಯ ಪಾಲಿಸಿ ಇದೆ. ಪ್ರವಾಹ, ಬಿರುಗಾಳಿ, ಮನೆಗೆ ನೀರು ನುಗ್ಗೋದು, ನೀರಿನ ಟ್ಯಾಂಕು-ಪೈಪು ಒಡೆಯೋದು ಇಲ್ಲವೇ ತುಂಬಿ ಹರಿಯೋದು, ಇವೆಲ್ಲ ಅದರಲ್ಲಿ ಸೇರಿವೆ. ಹಳತಾಗಿ ಸವೆದದ್ದು, ನಿಧಾನಕ್ಕೆ ಕೆಟ್ಟದ್ದು ಸೇರಿಲ್ಲ.

ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ. ಹಾಗಾಗಿ ಕೆಳಗೆ ಸಂಪು, ಮೇಲೆ ಸಿಂಟೆಕ್ಸ್, ನಡುವೆ ಬಿಸಿಲಿಗೆ ಬಿದ್ದ ಪೈಪು. ರಾಯಚೂರಿನ ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಪೈಪು ವರ್ಷ ವರ್ಷ ಕಾದು ಪೆಡಸಾಗುತ್ತೆ, ಮೊದಲು ಬಿಡೋದು ಪೈಪು ತಿರುಗೋ ಎಲ್ಬೋ ಹತ್ತಿರದ ಜಾಯಿಂಟು. ರಾತ್ರಿ ಅದು ಪಟ್ಟನೆ ಒಡೆದು ಕೋಣೆಗೆ ನೀರು ಇಳಿದು ಬೀರು, ಹಾಸಿಗೆ, ಟಿವಿ ಹಾಳಾದರೆ ಕ್ಲೇಮ್ ಸಿಗುತ್ತೆ. ಅದೇ ಜಾಯಿಂಟು ಆರು ತಿಂಗಳಿಂದ ಜಿನುಗಿ, ಗೋಡೆ ಉಬ್ಬಿ, ಸುಣ್ಣ ಉದುರಿದ್ದರೆ ಸಿಗಲ್ಲ. ನಷ್ಟ ಅಳೆಯೋಕೆ ವಿಮೆ ಕಂಪನಿ ಕಳಿಸೋ ಸರ್ವೇಯರ್ ಮೊದಲು ನೋಡೋದು ಹಳದಿ-ಕಂದು ಕಲೆಯ ಅಂಚು. ಒಂದರ ಸುತ್ತ ಒಂದು ಅಂಚು ಕಂಡರೆ ಹಲವು ಸಲ ನೆನೆದು ಒಣಗಿದೆ ಅಂತ ಅರ್ಥ. ಅಲ್ಲಿಗೆ ವಾದ ಮುಗಿದಂಗೆ.

ಮಾಳಿಗೆ ಬಿರುಕಿನಿಂದ ಮಳೆ ಸೋರೋದಕ್ಕೂ ಇದೇ ಮಾತು, ಅದನ್ನ ರಿಪೇರಿ ಲೆಕ್ಕಕ್ಕೆ ಹಾಕ್ತಾರೆ. ತುಂಗಭದ್ರಾ ತುಂಬಿ ಕಂಪ್ಲಿ, ಗಂಗಾವತಿ ಕಡೆ ನೀರು ನುಗ್ಗಿದರೆ ಕಥೆ ಬೇರೆ, ಅದು ಪ್ರವಾಹ. 2009ರ ಅಕ್ಟೋಬರ್ ಮಳೆ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನೀರು ಹೊಕ್ಕ ಮನೆ ಬಿಟ್ಟು ಹೋದಾಗ ಏಳು ದಿನದೊಳಗೆ ಕಳ್ಳತನ ಆದರೆ ಅದಕ್ಕೂ ರಕ್ಷಣೆ ಇದೆ. ಇದು ಬಹಳ ಮಂದಿಗೆ ಗೊತ್ತೇ ಇಲ್ಲ.

ವಿಮೆಯ ಮೊತ್ತ ಹಾಕೋವಾಗ ಜಾಗದ ಬೆಲೆ ಸೇರಿಸಬೇಡಿ, ಅದು ದಂಡ. ಕಾರ್ಪೆಟ್ ಏರಿಯಾವನ್ನ, ಅಂದರೆ ಮನೆ ಒಳಗಿನ ನೆಲದ ಅಳತೆಯನ್ನ, ಇವತ್ತಿನ ಕಟ್ಟೋ ಖರ್ಚಿನಿಂದ ಗುಣಿಸಿ. 1,000 ಚದರ ಅಡಿ, ಅಡಿಗೆ 2,000 ರೂಪಾಯಿ ಅಂದರೆ 20 ಲಕ್ಷ. ಕಟ್ಟಡ, ಸಾಮಾನು ಎರಡಕ್ಕೂ ಮಾಡಿಸಿದರೆ ಪಟ್ಟಿ ಕೊಡದೆಯೇ ಸಾಮಾನಿಗೆ ಕಟ್ಟಡದ ಮೊತ್ತದ ಶೇ 20, ಅಂದರೆ ಇಲ್ಲಿ 4 ಲಕ್ಷ, ತಾನಾಗೇ ಸೇರುತ್ತೆ. ಅದರ ಮಿತಿ 10 ಲಕ್ಷ.

ಗೃಹಸಾಲದ ಜೊತೆ ಬ್ಯಾಂಕಿನವರು ಹಚ್ಚಿಸಿದ ಪಾಲಿಸಿ ನಂಬಿ ಕೂತವರು ಇವತ್ತೇ ಕಾಗದ ತೆಗೆದು ನೋಡಿ. ಕೆಲವು ಬರೀ ಕಟ್ಟಡಕ್ಕೆ, ಅದೂ ಸಾಲದ ಮೊತ್ತದಷ್ಟಕ್ಕೆ ಇರ್ತವೆ. ಇನ್ನು ಕೆಲವು ಮನೆ ವಿಮೆಯೇ ಅಲ್ಲ, ಸಾಲಗಾರ ತೀರಿಕೊಂಡರೆ ಸಾಲ ತೀರಿಸೋ ಜೀವವಿಮೆ. ಸಹಿ ಹಾಕಿಸಿಕೊಳ್ಳೋವಾಗ ಇದನ್ನ ಬಾಯಿಬಿಟ್ಟು ಹೇಳೋರು ಕಡಿಮೆ ಅನ್ನೋದೇ ನನ್ನ ಸಿಟ್ಟು.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಕೆಲಸ ಮನೆಯಲ್ಲೇ ಮಾಡೋರು ಇನ್ನೊಂದು ಗಮನಿಸಬೇಕು. ಹೊಲಿಗೆ ಮಷೀನು, ಜಾಬ್‌ವರ್ಕ್‌ಗೆ ಬಂದ ಬಟ್ಟೆಯ ಗಂಟು ಮನೆ ಸಾಮಾನಲ್ಲ, ವ್ಯಾಪಾರದ ಸರಕು. ಮಾರಾಟಕ್ಕೆ ಇಟ್ಟ ಭತ್ತ, ಹತ್ತಿಯೂ ಅಷ್ಟೇ. ಅವಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅನ್ನೋ ಸಣ್ಣ ಉದ್ಯಮದ ಪಾಲಿಸಿ ಬೇರೆ ಮಾಡಿಸಬೇಕು. ಬಾಡಿಗೆಗೆ ಇರೋರು ಬರೀ ಸಾಮಾನಿಗೆ ಮಾಡಿಸಬಹುದು.

ನೀರು ನುಗ್ಗಿದ ಹೊತ್ತಿಗೆ ಏನು ಮಾಡಬೇಕು? ಮೊದಲು ಮೇನ್ ಸ್ವಿಚ್ ಇಳಿಸಿ. ಸ್ವಿಚ್‌ಬೋರ್ಡ್ ನೆನೆದಿದ್ದರೆ ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. ಆಮೇಲೆ ವಾಲ್ವ್ ಕಟ್ಟಿ. ನೆಲ ಒರೆಸೋ ಮುಂಚೆ ಗೋಡೆಯ ಮೇಲಿನ ನೀರಿನ ಗೆರೆ, ನೀರು ಬಂದ ಜಾಗ, ಪ್ರತಿ ಸಾಮಾನು ಕಾಣೋ ಹಂಗೆ ವಿಡಿಯೋ ಮಾಡಿ. ಒಡೆದ ಪೈಪಿನ ತುಂಡನ್ನ ಪ್ಲಂಬರ್ ಎಸೆಯದಂಗೆ ನೋಡ್ಕೊಳ್ಳಿ, ಅದೇ ನಿಮ್ಮ ಸಾಕ್ಷಿ. ಬಿಲ್‌ನಲ್ಲಿ 'ಪ್ಲಂಬಿಂಗ್ ಕೆಲಸ' ಅಂತಷ್ಟೇ ಗೀಚೋದು ಬೇಡ, ಎಲ್ಲಿ, ಏನು ಒಡೆದಿತ್ತು ಅಂತ ಇದ್ದದ್ದು ಇದ್ದಂಗೆ ಬರೆಸಿ. ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಳ್ಳಿ. ಸರ್ವೇಯರ್ ಬರೋವರೆಗೆ ಹಾಳಾದ ಸಾಮಾನು ಗುಜರಿಗೆ ಹಾಕಬೇಡಿ. ಹಾಗಂತ ಉಳಿದ ಸಾಮಾನು ನೆನೆಯೋಕೆ ಬಿಡೋದೂ ಸಲ್ಲ, ಎತ್ತಿಡಿ.

ಮಳೆ, ಪ್ರವಾಹದ ಕ್ಲೇಮ್ ಆದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆ ದಿನದ ಮಳೆ ಅಂಕಿ, ಗ್ರಾಮ ಆಡಳಿತ ಅಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಪಂಚನಾಮೆ ಪ್ರತಿ ಇಟ್ಟುಕೊಳ್ಳಿ.

ಕಂಪನಿ ತಿರಸ್ಕರಿಸಿದರೆ ಯಾವ ಷರತ್ತಿನ ಪ್ರಕಾರ ಅಂತ ಬರವಣಿಗೆಯಲ್ಲಿ ಕೇಳಿ, ಅವರ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ವಿಮೆಯ ದೂರು ಕೇಳಿ ತೀರ್ಮಾನ ಹೇಳೋ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು.