ಹಳೇ ಬಗ್ಗಿಗೆ ಚಕ್ರ ಕೂಡಿಸುವುದು

ರಿಮೋಟ್ ಹಿಡಿದು ಓಡಿಸುವ ಹಳೇ ಆಟಿಕೆ ಕಾರು, ಅಂದರೆ ಬಗ್ಗಿಯ ಮೋಟರ್ ಸುಟ್ಟುಹೋದರೆ ಚಿಂತೆಯಿಲ್ಲ. ಜಪಾನಿನ ಟಾಮಿಯಾ ಕಂಪನಿಯ 1979ರ ಸ್ಯಾಂಡ್ ಸ್ಕಾರ್ಚರ್ ಬಗ್ಗಿಯೊಳಗೆ ಕೂತಿದ್ದ 540 ಸೈಜಿನ ಮೋಟರ್‌ನ ಮೈಯಳತೆ ಇವತ್ತಿನ ಅಗ್ಗದ ಮೋಟರ್‌ಗೂ ಅದೇ. ರೇಡಿಯೊ, ಸ್ಟಿಯರಿಂಗ್ ತಿರುಗಿಸುವ ಸರ್ವೊ, ಬ್ಯಾಟರಿ ಎಲ್ಲಕ್ಕೂ ಬದಲಿ ಉಂಟು. ಹಳೇ ರಿಮೋಟ್ ಬಗ್ಗಿ ಸಾಕಿಕೊಂಡವರ ನಿದ್ದೆ ಕೆಡಿಸುವುದು ನೋಡಲು ಎಲ್ಲಕ್ಕಿಂತ ಸರಳವಾದ, ದುಂಡಗಿನ ಆ ನಾಲ್ಕು ಸಾಮಾನು.

ಟಾಮಿಯಾದ 1983ರ ಫ್ರಾಗ್, 1984ರ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್, 1985ರ ಹಾಟ್‌ಶಾಟ್, ಕ್ಯೋಶೊದ ಆಪ್ಟಿಮಾ, ಅಮೆರಿಕದ ಅಸೋಸಿಯೇಟೆಡ್ ಆರ್‌ಸಿ10 ಇವೆಲ್ಲ ಹುಟ್ಟಿದ ಕಾಲಕ್ಕೆ ಚಕ್ರಕ್ಕೊಂದು ಸಾರ್ವತ್ರಿಕ ಅಳತೆ ಎಂಬುದೇ ಇರಲಿಲ್ಲ. ಯಾರ ಮನೆ ರಿಮ್ ಅವರ ಮನೆಗೆ. ಒಂದೇ ಕಂಪನಿಯ ಎರಡು ಗಾಡಿಗಳ ನಡುವೆಯೂ ಮಾತುಕತೆ ಇಲ್ಲ. ನಿಜವಾದ ಗಾಡಿಯ ಹತ್ತನೇ ಒಂದರಷ್ಟಿರುವ ಈಗಿನ (1/10) ಬಗ್ಗಿಗಳು 2.2 ಇಂಚಿನ ರಿಮ್ಮು, 12 ಮಿ.ಮೀ. ಹೆಕ್ಸ್ (ಚಕ್ರವನ್ನು ಆಕ್ಸಲ್ ಎಂಬ ಕಂಬಿಗೆ ಕಚ್ಚಿಸುವ ಆರು ಮುಖದ ತುಂಡು) ಎಂಬ ಒಪ್ಪಂದಕ್ಕೆ ಬಂದಿವೆ. ಆದರೆ ಆ ಒಪ್ಪಂದಕ್ಕೆ ಈ ಮುದುಕರು ಸಹಿ ಹಾಕಿಲ್ಲ.

‘2.2’ ಎಂದು ಅಚ್ಚು ಹಾಕಿದ್ದನ್ನು ನಂಬಿ ದುಡ್ಡು ಕೊಡುವುದು ಮೊದಲ ಎಡವಟ್ಟು. 2.2 ಇಂಚು ಅಂದರೆ ಸುಮಾರು 56 ಮಿ.ಮೀ.; ಅದು ಟೈರಿನ ಅಂಚು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಟಾಮಿಯಾ ತನ್ನ ರಿಮ್ಮುಗಳಿಗೆ ಕೊಡುವ 60/19, 60/29, 62/35 ಬೇರೆ ಲೆಕ್ಕ: ಮೊದಲನೆಯದು ರಿಮ್ಮಿನ ಹೊರ ಅಂಚಿನ ವ್ಯಾಸ, ಎರಡನೆಯದು ಅಗಲ, ಎರಡೂ ಮಿ.ಮೀ.ನಲ್ಲಿ. 62ರ ಸಾಲಿನವು ಹೆಚ್ಚುಕಡಿಮೆ ಈಗಿನ 2.2ರ ಬಳಗ. 60ರ ರಿಮ್ಮಿಗೆ ಆ ಟೈರ್ ಹಾಕಿದರೆ ಕೂತಂತೆ ಕಾಣುತ್ತದೆ, ಮೊದಲ ತಿರುವಿನಲ್ಲೇ ಅಂಚು ಬಿಟ್ಟು ಹೊರಗೆ ಬರುತ್ತದೆ. ಹಾರ್ನೆಟ್‌ನಂಥ ಇನ್ನೂ ಹಳಬರ ರಿಮ್ಮು ಈ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ. ಡಿಜಿಟಲ್ ಕ್ಯಾಲಿಪರ್ ಹಿಡಿದು ಅಂಚು ಕೂರುವ ತೋಡನ್ನೇ ಅಳೆಯಬೇಕು.

ಮುಂದಿನ ಚಕ್ರದ ಕಥೆ ಇನ್ನೂ ಸೂಕ್ಷ್ಮ. ಹಿಂಗಾಲಿಗೆ ಮಾತ್ರ ಡ್ರೈವ್ ಇರುವ ಹಳೇ ಬಗ್ಗಿಯಲ್ಲಿ ಮುಂದಿನ ಚಕ್ರದೊಳಗೇ ಬೇರಿಂಗ್ ಕೂರುತ್ತದೆ. ಹಾರ್ನೆಟ್‌ಗೆ ಬೇಕಾದದ್ದು ಹೊರವ್ಯಾಸ 11, ಒಳವ್ಯಾಸ 5, ದಪ್ಪ 4 ಮಿ.ಮೀ.ನ ಬೇರಿಂಗ್, ಚಕ್ರಕ್ಕೆ ಎರಡರಂತೆ ನಾಲ್ಕು. ಈಗಿನ ಮುಂದಿನ ಚಕ್ರಗಳಲ್ಲಿ ಬೇರಿಂಗ್ ಮನೆಯ ಬದಲು ಹೆಕ್ಸ್ ಗುಳಿ ಇರುವುದೇ ಹೆಚ್ಚು. ಅವು ಇಲ್ಲಿ ಉಪಯೋಗಕ್ಕಿಲ್ಲ. ಬೇರಿಂಗ್ ಮನೆ ಇರುವ ರಿಮ್ಮೇ ಸಿಕ್ಕಿತು ಅನ್ನಿ, ಎರಡು ಬೇರಿಂಗ್‌ಗಳ ನಡುವಿನ ದೂರವನ್ನೂ ಅಳೆಯಿರಿ. ಅದು ಹೆಚ್ಚಾದರೆ ಆಕ್ಸಲ್ ತುದಿಯಲ್ಲಿ ನಟ್ಟಿಗೆ ದಾರವೇ (ಸ್ಕ್ರೂವಿನ ಎಳೆಯೇ) ಉಳಿಯುವುದಿಲ್ಲ. ಕಡಿಮೆಯಾದರೆ ಚಕ್ರ ಆಕ್ಸಲ್ ಮೇಲೆ ಅತ್ತಿತ್ತ ಜಾರಾಡುತ್ತದೆ, ತೆಳ್ಳನೆಯ ವಾಷರ್ ಇಟ್ಟು ತುಂಬಿಸಬೇಕು. ನಟ್ಟನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿ: ಬೆರಳಲ್ಲಿ ತಳ್ಳಿದರೆ ಚಕ್ರ ತಾನಾಗಿ ತಿರುಗುತ್ತಿರಬೇಕು.

ಆರ್‌ಸಿ10 ಕ್ಯಾಲಿಫೋರ್ನಿಯಾದ ಕೂಸು, ಇಂಚಿನಲ್ಲೇ ಮಾತಾಡುತ್ತದೆ. ಅದರ ಮುಂದಿನ ಆಕ್ಸಲ್ 3/16 ಇಂಚು, ಅಂದರೆ 4.76 ಮಿ.ಮೀ. ಅಲ್ಲಿಗೆ 5 ಮಿ.ಮೀ. ಒಳವ್ಯಾಸದ ಬೇರಿಂಗ್ ತೂರಿಸಿದರೆ ಸರಾಗವಾಗಿ ಹೋಗುತ್ತದೆ, ಅದೇ ತೊಂದರೆ. ಆ ಕಾಲು ಮಿ.ಮೀ. ಸಡಿಲ ಓಟದಲ್ಲಿ ಚಕ್ರವನ್ನು ಗಡಗಡ ನಡುಗಿಸುತ್ತದೆ. ಹಿಂದಿನ ಆಕ್ಸಲ್‌ನ ದಾರ 8-32 ಎಂಬ ಇಂಚಿನ ಅಳತೆಯದು: ವ್ಯಾಸ 4.17, ಒಂದು ಎಳೆಯಿಂದ ಇನ್ನೊಂದಕ್ಕೆ 0.79 ಮಿ.ಮೀ. ಎಲ್ಲೆಡೆ ಸಿಗುವ ಎಂ4 ನಟ್ಟಿನ ಎಳೆಗಳ ಅಂತರ 0.70. ಮೊದಲ ಸುತ್ತು ಹಿಡಿದಂತೆ ತೋರಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್‌ಗೆ ಇನ್ನಷ್ಟು ಬಲ ಹಾಕಿದವರು ಆಕ್ಸಲ್ಲನ್ನೇ ಕಳೆದುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಆಫ್‌ಸೆಟ್ ಎಂಬುದೊಂದು ಬಾಕಿ. ಜಾತಕದಲ್ಲಿ 36ಕ್ಕೆ 28 ಬಂದರೂ ನಾಡಿಕೂಟ ತಪ್ಪಿದರೆ ಸಂಬಂಧ ಮುರಿಯುತ್ತದಲ್ಲ, ಹಾಗೆ. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ (ಚಕ್ರ ಕೂರುವ ಗುಂಬಕ್ಕೆ) ಆನಿಸುವ ಮುಖ ಎಷ್ಟು ಒಳಗೆ, ಎಷ್ಟು ಹೊರಗೆ ಎಂಬುದೇ ಆಫ್‌ಸೆಟ್. ಚಕ್ರವನ್ನು ಗಾಜಿನ ಮೇಲೆ ಮಲಗಿಸಿ, ಕ್ಯಾಲಿಪರ್‌ನ ಬಾಲ ಇಳಿಬಿಟ್ಟು ಆ ಮುಖದ ಆಳ ನೋಡಿ, ಅದರಿಂದ ಅರ್ಧ ಅಗಲ ಕಳೆದರೆ ಲೆಕ್ಕ ಸಿಕ್ಕಿತು. ಚಕ್ರ ತೀರಾ ಒಳಗೆ ಬಂದರೆ ಟೈರು ಶಾಕ್‌ಗೋ ಸ್ಟಿಯರಿಂಗ್ ತೋಳಿಗೋ ಉಜ್ಜುತ್ತದೆ. ತೀರಾ ಹೊರಗೆ ಹೋದರೆ ಪ್ರತಿ ಕಲ್ಲಿನ ಏಟೂ ಸರ್ವೊ ಗೇರಿಗೆ ಬೀಳುತ್ತದೆ. ಒಳಗೆ ಬಂದದ್ದಕ್ಕೆ ಸ್ಪೇಸರ್ ಮದ್ದು; ಹೊರಗೆ ಹೋದದ್ದಕ್ಕೆ ಮದ್ದಿಲ್ಲ. ಹಳೇ ಆಕ್ಸಲ್ಲಿಗೆ ಹೊಸ ಚಕ್ರ ಹೊಂದಿಸಲು ಹಿಂಗಾಲಿಗೆ ಹೆಕ್ಸ್ ಅಡಾಪ್ಟರ್ ಹಾಕಿದಾಗಲೂ ಅದರ ದಪ್ಪದಷ್ಟು ಚಕ್ರ ಹೊರಗೆ ಸರಿಯುತ್ತದೆ. ಅಂದಹಾಗೆ 12 ಮಿ.ಮೀ. ಎಂಬುದು ಹೆಕ್ಸಿನ ಎದುರುಬದುರು ಚಪ್ಪಟೆ ಮುಖಗಳ ನಡುವಿನ ಅಳತೆ. ಮೂಲೆಯಿಂದ ಮೂಲೆಗೆ ಅಳೆದರೆ 13.9 ಬರುತ್ತದೆ, 14ರದ್ದೆಂದು ತಿಳಿದು ತರಿಸಿದವರಿದ್ದಾರೆ. ಅಡಾಪ್ಟರ್ ಅನ್ನು 3ಡಿ ಪ್ರಿಂಟ್ ಮಾಡಿಸುವುದಾದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ, 60 ಡಿಗ್ರಿಗೇ ಮೆತ್ತಗಾಗುತ್ತದೆ, ನೈಲಾನ್ ಆಗಲಿ.

ದೊಡ್ಡ ಟೈರ್ ಹಾಕಿ ಚಂದ ನೋಡುವವರು ಗೇರನ್ನು ಮರೆಯುತ್ತಾರೆ. 80 ಮಿ.ಮೀ. ಟೈರಿನ ಜಾಗಕ್ಕೆ 88ರದ್ದು ಬಂದರೆ ಗಾಡಿ ಶೇ. 10ರಷ್ಟು ಎತ್ತರದ ಗೇರಿಗೆ ಹೋದಂತೆ; ವೇಗ ಬರುವುದಕ್ಕೆ ಮೊದಲು ಮೋಟರ್‌ಗೆ ಜ್ವರ ಬರುತ್ತದೆ. 18 ಹಲ್ಲಿನ ಪಿನಿಯನ್ (ಮೋಟರ್ ತುದಿಯ ಪುಟ್ಟ ಗೇರು) ಇದ್ದಲ್ಲಿ 16ರದ್ದು ಹಾಕಬೇಕು. ಮೋಟರ್ ಕೂರುವ ಜಾಗ ಅಲುಗದ ಹಳೇ ಗೇರ್‌ಬಾಕ್ಸ್‌ಗಳಲ್ಲಿ ಆ ಸೌಕರ್ಯವೂ ಕಷ್ಟ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದೆ ಮುಂದೆ ವ್ಯಾಸದ ಅನುಪಾತ ಕೆಟ್ಟರೆ ನಡುವಿನ ಚೈನನ್ನೋ ಶಾಫ್ಟನ್ನೋ ಎರಡೂ ಕಡೆಯ ಚಕ್ರಗಳು ಜಗ್ಗಾಡುತ್ತವೆ.

ಮೂಲ ಟೈರುಗಳ ಸ್ಥಿತಿಯೋ ಕೇಳಬೇಡಿ. ಹಿಂದಿನ ಟೈರಿನ ಮುಳ್ಳನ್ನು ಉಗುರಿನಿಂದ ಬಾಗಿಸಿ ನೋಡಿ. ಬಾಗಿ ಹಿಂದಕ್ಕೆ ಪುಟಿದರೆ ಜೀವ ಇದೆ. ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದು ಕಪಾಟಿಗೇ ಸರಿ. ಟಾರು ರಸ್ತೆಯಂತೂ ಮುಳ್ಳಿನ ಟೈರಿಗೆ ಉಪ್ಪುಕಾಗದ. ರಿಮ್ಮಿಗೆ ಯಾರೋ ಅಂಟು ಹಾಕಿಟ್ಟಿದ್ದರೆ ಬಿಡಿಸುವ ಮುನ್ನ ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ನೈಲಾನ್ ರಿಮ್ಮು ಅಸಿಟೋನ್ ತಾಳುತ್ತದೆ. ಎಬಿಎಸ್ ಕರಗಿ ಅಂಬಲಿಯಾಗುತ್ತದೆ. ಹೊಳೆಯುವ ಕ್ರೋಮ್ ರಿಮ್ಮುಗಳು ಬಹುಪಾಲು ಅದೇ ಜಾತಿ. ನೈಲಾನ್ ಆದರೆ ಇಪ್ಪತ್ತು ನಿಮಿಷ ನೀರಲ್ಲಿ ಕುದಿಸಿದರೂ ಅಂಟು ಸಡಿಲವಾಗುತ್ತದೆ. ಅದರಲ್ಲಿ ಇನ್ನೊಂದು ಲಾಭ: ಒಣಗಿ ಬಿರುಸಾದ ನೈಲಾನ್ ನೀರು ಕುಡಿದು ಮತ್ತೆ ಗಟ್ಟಿಮುಟ್ಟಾಗುತ್ತದೆ. ಸ್ಯಾಂಡ್ ಸ್ಕಾರ್ಚರ್‌ನಂತೆ ಸ್ಕ್ರೂ ಹಾಕಿ ಬಿಗಿಯುವ ಬಿಡಿ ತುಂಡುಗಳ ರಿಮ್ಮಿಗಂತೂ ಅಂಟು ಮುಟ್ಟಿಸಲೇಬೇಡಿ, ಟೈರನ್ನು ಕಚ್ಚಿ ಹಿಡಿಯುವುದೇ ಅದರ ಕಸುಬು.

ಇಷ್ಟೆಲ್ಲ ಸರ್ಕಸ್ಸಿಗಿಂತ ಮರುಬಿಡುಗಡೆಯ ಚಕ್ರ ಕೊಳ್ಳುವುದೇ ಜಾಣತನ. ಹಾರ್ನೆಟ್ 2004ರಲ್ಲಿ, ಫ್ರಾಗ್ 2005ರಲ್ಲಿ, ಹಾಟ್‌ಶಾಟ್ 2007ರಲ್ಲಿ, ಸ್ಯಾಂಡ್ ಸ್ಕಾರ್ಚರ್ 2010ರಲ್ಲಿ ಮತ್ತೆ ಬಂದವು, ಆಪ್ಟಿಮಾ 2016ರಲ್ಲಿ. ಅವುಗಳ ಚಕ್ರ, ಟೈರು ಬಿಡಿಯಾಗಿಯೂ ಸಿಗುತ್ತವೆ. ಕಂಪನಿ ಒಂದು ಬಾರಿಗೆ ಇಂತಿಷ್ಟು ಅಂತ ತಯಾರಿಸಿ ಸುಮ್ಮನಾಗುವುದರಿಂದ, ಕಂಡಾಗ ಎರಡು ಜೊತೆ ಎತ್ತಿಡುವುದು ಒಳ್ಳೆಯದು. ಟೈರಿಗಿಂತ ರಿಮ್ಮನ್ನೇ ಹೆಚ್ಚು ಕೊಳ್ಳಿ. ರಬ್ಬರು ಪೊಟ್ಟಣದೊಳಗೂ ಮುದಿಯಾಗುತ್ತದೆ.