ಟಬ್ಬು ನನ್ನದು, ಪಾಠ ಮಾವನವರದು

ಭಾನುವಾರ ಊಟಕ್ಕೆ ಬಂದ ನಾದಿನಿ ಬಚ್ಚಲಿಗೆ ಹೋಗಿ ಬಂದಳು. ಕೈ ಒರೆಸಿಕೊಳ್ಳುತ್ತಾ ಕೇಳಿದಳು, "ಅತ್ತಿಗೆ, ಟಬ್ಬಿಗೆ ಸುಣ್ಣ ಹೊಡೆಸಿದ್ದೀರಾ?"

ನನಗೆ ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ ಮಾವ ಪೇಪರ್ ಮಡಚಿಟ್ಟು ಅಂದರು, "ಸರಿಯಾಗೇ ಕೇಳಿದಳು. ಗೋಡೆಗೆ ಬಳಿದ ಸುಣ್ಣ ಒಣಗಿ ಕೊನೆಗೆ ಆಗೋದು ಕ್ಯಾಲ್ಸಿಯಂ ಕಾರ್ಬೊನೇಟು. ನಿನ್ನ ಟಬ್ಬಿಗೆ ಹತ್ತಿರೋದೂ ಅದೇ."

ನೋಡಿ, ಗಲೀಜಾದ ಕೂಡಲೇ ಅದು *ನನ್ನ* ಟಬ್ಬು.

ಅದನ್ನು ನಾವು ಹಾಕಿಸಿದ್ದಲ್ಲ, ಫ್ಲ್ಯಾಟಿನ ಜೊತೆಗೇ ಬಂದಿದ್ದು. ತುಂಬಬೇಕಾದರೆ 150 ಲೀಟರ್ ಆದರೂ ಬೇಕು, ನಮ್ಮ ಗೀಸರ್ 25 ಲೀಟರಿನದು. ಹಿಮ್ಮಡಿ ಮುಳುಗುವಷ್ಟರಲ್ಲಿ ಬಿಸಿನೀರು ಖಾಲಿ. ಹಾಗಾಗಿ ಟಬ್ಬಿನೊಳಗೆ ಬಕೆಟ್ಟು, ಬಕೆಟ್ಟಿನೊಳಗೆ ಮಗ್ಗು. ಸ್ನಾನ ನಡೆಯೋದು ಹಾಗೆ. 2024ರ ಬೇಸಿಗೆಯಲ್ಲಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿತ್ತಲ್ಲ, ಆಗ ಮಾತ್ರ ಟಬ್ಬಿಗೆ ಮರ್ಯಾದೆ ಬಂತು. ಟ್ಯಾಂಕರ್ ಬಂದ ದಿನ ಅಂಚಿನವರೆಗೂ ತುಂಬಿಸಿ, ಯಾರೂ ಕೈ ಅದ್ದದ ಹಾಗೆ ಕಾವಲು ಕಾಯುತ್ತಿದ್ದೆವು.

ಉಳಿದ ದಿನವೆಲ್ಲ ಬೋರ್‌ವೆಲ್ ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ಗತಿಯಿಲ್ಲದಿದ್ದರೆ 600 ಅಂತ ಭಾರತೀಯ ಮಾನಕ ಇದೆ. ನಮ್ಮ ನೀರು ಎಷ್ಟು ಅಂತ ಪರೀಕ್ಷೆ ಮಾಡಿಸಲು ಸಂಘದವರು ಪ್ರತಿ ಮೀಟಿಂಗಲ್ಲೂ ತೀರ್ಮಾನ ಮಾಡುತ್ತಾರೆ. ಸುಮ್ನೆ ನಮ್ಮ ನಲ್ಲಿಯ ಮೂತಿ ನೋಡಿದ್ದರೆ ಸಾಕಿತ್ತು.

ಊಟದ ಪಾತ್ರೆ ಎತ್ತಿಟ್ಟು, ಸೆರಗು ಸಿಕ್ಕಿಸಿ ಬಚ್ಚಲಿಗೆ ಇಳಿದೆ. ಹಿಂದೆಯೇ ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದು. ಮಾವ ಬಾಗಿಲಲ್ಲಿ ಕೂತರು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ಅವರದೊಂದು ಅಭ್ಯಾಸವಿದೆ. ಮಾತಿನ ಕೊನೆಯ ತುಂಡನ್ನು ತಾವು ಹೇಳುವುದಿಲ್ಲ. ಗಲ್ಲ ಎತ್ತಿ ಕಾಯುತ್ತಾರೆ. ಎದುರಿಗಿರುವವರು ತುಂಬಬೇಕು.

ನಾನು ಅಡುಗೆ ಸೋಡಾ ಸುರಿದು, ವಿನೆಗರ್ ಬಾಟಲಿ ಎತ್ತಿದೆ. ಮೊಬೈಲಲ್ಲಿ ಬರೋ ವಿಡಿಯೋಗಳಲ್ಲೆಲ್ಲ ಹಾಗೇ ತಾನೆ, ಬುಸ್ ಅಂತ ನೊರೆ ಎದ್ದರೆ ಮುಗೀತು, ಟಬ್ಬು ಫಳಫಳ!

"ನಿಲ್ಲು. ಒಂದು ಆಮ್ಲ, ಒಂದು ಪ್ರತ್ಯಾಮ್ಲ. ಎರಡೂ ಸೇರಿದರೆ ತಟಸ್ಥೀ...?"

"ಕರಣ, ಮಾವ."

"ಗುಳ್ಳೆ ಬರೋದು ಕಾರ್ಬನ್ ಡೈ...?"

"ಆಕ್ಸೈಡ್."

"ಕೊನೆಗೆ ಉಳಿಯೋದು ಲವಣ ಮತ್ತು ನೀ...?"

"ರು."

ಕೆಮಿಸ್ಟ್ರಿಯಲ್ಲಿ ನಾನು ಪಾಸಾಗಿದ್ದು ಬರೀ 35ಕ್ಕೆ. ಮೊಣಕಾಲೂರಿ, ಕೈಯಲ್ಲಿ ಸ್ಪಂಜು ಹಿಡಿದು ವೈವಾ ಕೊಡಬೇಕಾಗುತ್ತೆ ಅಂತ ಆಗ ಯಾರಾದರೂ ಹೇಳಿದ್ದರೆ ಆರ್ಟ್ಸ್ ತಗೊಳ್ತಿದ್ದೆ.

ಆದರೆ ಅವರು ಹೇಳಿದ್ದು ನಿಜವೇ, ಅದೇ ಜಾಸ್ತಿ ಸಿಟ್ಟು. ಸೋಡಾ ತೊಳೆದುಬಿಟ್ಟೆ. ಹಳೆ ಪಂಚೆಯ ತುಂಡನ್ನು ವಿನೆಗರಲ್ಲಿ ಅದ್ದಿ ಬಿಳಿ ಕಲೆಯ ಮೇಲೆ ಹಾಸಿ ಅರ್ಧ ಗಂಟೆ ಬಿಟ್ಟೆ. ತೆಗೆದಾಗ ಕಲೆ ಉಗುರಿಗೆ ಮೆತ್ತಗೆ ಸಿಕ್ಕಿತು. ನೀರು ಹಾಕಿ ತೊಳೆದು, ಆಮೇಲೆ ಸೋಡಾಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಕಲಸಿ ಸೋಪಿನ ಜಿಡ್ಡಿಗೆ ಹಚ್ಚಿದೆ. ಸ್ಟೀಲ್ ನಾರು ಮುಟ್ಟಲಿಲ್ಲ. ಆಕ್ರಿಲಿಕ್ ಟಬ್ಬು, ಗೀರು ಬಿದ್ದರೆ ಕೊಳೆ ಅಲ್ಲೇ ಮನೆ ಮಾಡುತ್ತೆ.

"ಅಂಗಡಿಯ ಆ್ಯಸಿಡ್ ತಂದಿದ್ರೆ ಐದು ನಿಮಿಷದ ಕೆಲಸ," ಅಂತ ಗೊಣಗಿದೆ.

"ಅದರ ಜೊತೆ ಯಾರಾದ್ರೂ ಬ್ಲೀಚಿಂಗ್ ಪೌಡರ್ ಹಾಕಿದ್ರೆ? ಬರೋದು ಕ್ಲೋ...? 1915ರಲ್ಲಿ ಬೆಲ್ಜಿಯಂನಲ್ಲಿ ಜರ್ಮನ್ನರು ಶತ್ರುಗಳ ಮೇಲೆ ಬಿಟ್ಟಿದ್ದು ಇದನ್ನೇ!"

ಜಿಡ್ಡು ತೆಗೆಯೋಕೆ ಹೊರಟವಳು ಮಹಾಯುದ್ಧದಲ್ಲಿ ಸಿಕ್ಕಿಕೊಂಡೆ.

ನಲ್ಲಿಯ ಬುಡಕ್ಕೆ ನಿಂಬೆ ಹೋಳು ಉಜ್ಜುವಾಗ ಸಾಗರದ ಅಜ್ಜಿ ಮನೆ ನೆನಪಾಯಿತು. ನೀರು ತುಂಬುವ ಹಬ್ಬದ ದಿನ ಅಜ್ಜಿ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ, ತೆಂಗಿನ ನಾರಲ್ಲಿ ತಿಕ್ಕುತ್ತಿದ್ದರು. ಕಪ್ಪು ಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ಆಮೇಲೆ ಜೇಡಿ, ಕೆಮ್ಮಣ್ಣಿನ ಗೆರೆ, ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ. ಬೆಳಗಿನ ಜಾವ ನೆತ್ತಿಗೆ ಎಣ್ಣೆ ತಟ್ಟಿ, ಆ ಹಂಡೆಯ ನೀರನ್ನು ಚೊಂಬಲ್ಲಿ ಹುಯ್ಯುತ್ತಿದ್ದರು. ಸಾಕು ಅಂದರೂ ಬಿಡುತ್ತಿರಲಿಲ್ಲ. ಈ ಟಬ್ಬಿಗೆ ಯಾರು ಯಾವ ಬಳ್ಳಿ ಕಟ್ಟುತ್ತಾರೆ? ಬಾಯಿ ತಪ್ಪಿ ಇದನ್ನ ಮಾವನಿಗೆ ಹೇಳಿದೆ.

"ಹುಣಸೆಹಣ್ಣಲ್ಲಿ ಇರೋದು ಟಾರ್ಟಾ...?"

"ರಿಕ್ ಆಮ್ಲ," ಅಂದೆ. ಅಜ್ಜಿಯನ್ನೂ ಬಿಡಲಿಲ್ಲ.

ಸೊಂಟ ಹಿಡಿದುಕೊಂಡಿತ್ತು. ಆಚೆ ತುದಿ ಇನ್ನೂ ಬಾಕಿ. ಸ್ಪಂಜು ಅವರ ಕಡೆ ಚಾಚಿ, "ಮಾವ, ಅಷ್ಟು ಜಾಗ ನೀವೇ ಸ್ವಲ್ಪ ಉಜ್ಜಿಕೊಡ್ತೀ...?" ಅಂತ ಗಲ್ಲ ಎತ್ತಿ ಕಾದೆ.

ಮಾವ ತುಂಬಲಿಲ್ಲ. ಎದ್ದು ಕುರ್ಚಿ ಎತ್ತಿಕೊಂಡರು. "ನಾನು ಥಿಯರಿ ಅಮ್ಮಾ. ಲ್ಯಾಬಲ್ಲಿ ತೊಳೆಯೋಕೆ ಅಂತಲೇ ಅಟೆಂ...?"

"ಡರ್!" ಅಂತ ಹಾಲಿನಿಂದ ಕೂಗಿದಳು ನಾದಿನಿ, ಸೋಫಾ ಬಿಟ್ಟು ಏಳದೆ.