ಬರೀ ಕೆಸರು ಅಂತ ಬರೆದು ಕೈತೊಳೆದುಕೊಳ್ಳಬೇಡಿ

ಬಂದರಿನ ಹೂಳು ಎಲ್ಲಿ ಸುರಿಯೋಣ? ಸಮುದ್ರತಳದಲ್ಲಿ ಕೇಬಲ್ ಎಲ್ಲಿ ಎಳೆಯೋಣ? ಕರಾವಳಿ ಯೋಜನೆ ಮಾಡುವಾಗ ಈ ಪ್ರಶ್ನೆ ಬಂದರೆ ಸುಲಭದ ಉತ್ತರ ಒಂದಿದೆ: ಹವಳ ಇಲ್ಲ, ಹುಲ್ಲಿಲ್ಲ, ಬರೀ ಕೆಸರು, ಅಲ್ಲೇ ಹಾಕಿ. ನನ್ನ ತಕರಾರು ಇರೋದು ಇಲ್ಲೇ.

ಆ ಕೆಸರನ್ನು ಹತ್ತಿರದಿಂದ ನೋಡಿ. ಸಮೀಕ್ಷೆ ಮಾಡುವವರು ದೋಣಿಯಿಂದ ಗ್ರ್ಯಾಬ್, ಅಂದ್ರೆ ಬಾಯಿ ಮುಚ್ಚಿಕೊಂಡು ಮಣ್ಣು ಕಚ್ಚುವ ಬಕೆಟ್, ಇಳಿಸಿ ತಳದ ಒಂದಿಷ್ಟು ಮಣ್ಣು ಎತ್ತುತ್ತಾರೆ. ಸಣ್ಣ ಕಣ್ಣಿನ ಜರಡಿಗೆ ಸುರಿದು ನೀರು ಬಿಡುತ್ತಾರೆ. ಕೆಸರು ಹರಿದುಹೋದ ಮೇಲೆ ಉಳಿಯೋದು ಹುಳುಗಳು, ಅವು ಕಟ್ಟಿಕೊಂಡ ಕೊಳವೆಗಳು, ಉಗುರಿನಷ್ಟು ಚಿಪ್ಪುಗಳು. ಈ ಹುಳುಗಳು ಬಿಲದೊಳಗೆ ನೀರು ಎಳೆದುಕೊಂಡಾಗ ಅದರ ಜೊತೆ ಆಮ್ಲಜನಕವೂ ನೈಟ್ರೇಟೂ ಒಳಗಿಳಿಯುತ್ತವೆ. ಹೊಲದಿಂದ, ಚರಂಡಿಯಿಂದ ಬಂದ ಆ ನೈಟ್ರೇಟನ್ನು ಕೆಸರಿನ ಬ್ಯಾಕ್ಟೀರಿಯಾಗಳು ಸಾರಜನಕ ಅನಿಲ ಮಾಡಿ ಬಿಡುತ್ತವೆ. ಪುಕ್ಕಟೆ ಶುದ್ಧೀಕರಣ ಘಟಕ. ಮೇಲೆ ಹೂಳು ಸುರಿದರೆ ಅದು ಬಂದ್.

ಇದನ್ನೆಲ್ಲ ನಕ್ಷೆಗೆ ತರೋದು ನಿಧಾನದ ಕೆಲಸ, ಒಪ್ಪುತ್ತೇನೆ. ದೋಣಿಯಲ್ಲಿರುವ ಮಲ್ಟಿಬೀಮ್ ಸೋನಾರ್ ಅನ್ನೋ ಉಪಕರಣ ತಳಕ್ಕೆ ಶಬ್ದ ಕಳಿಸುತ್ತದೆ. ಅದು ಮರಳುವ ಹೊತ್ತಿನಿಂದ ಆಳ ಗೊತ್ತಾಗುತ್ತದೆ, ಮರಳಿದ ಶಬ್ದದ ಜೋರಿನಿಂದ ಬಂಡೆಯೋ ಕೆಸರೋ ಅನ್ನೋ ಅಂದಾಜು. ತಮಾಷೆ ಅಂದ್ರೆ ಆಳ ಕಮ್ಮಿಯಾದಷ್ಟೂ ಕಷ್ಟ ಜಾಸ್ತಿ. ದೋಣಿಯ ಒಂದು ಓಟಕ್ಕೆ ಸಿಗೋದು ಆಳದ ಮೂರ್ನಾಲ್ಕು ಪಟ್ಟು ಅಗಲ. 10 ಮೀಟರ್ ನೀರಿನಲ್ಲಿ ಅಬ್ಬಬ್ಬಾ ಅಂದ್ರೆ 40 ಮೀಟರ್. ಇಡೀ ಸಮುದ್ರತಳದ ನಕ್ಷೆ ಮಾಡಲು 2017ರಲ್ಲಿ ಶುರುವಾದ ಸೀಬೆಡ್ 2030 ಯೋಜನೆಯ ಲೆಕ್ಕದಲ್ಲೂ ಸರಿಯಾಗಿ ಅಳೆದಿರೋದು ಜಗತ್ತಿನ ಸಮುದ್ರತಳದ ಸುಮಾರು ಕಾಲು ಭಾಗ. ಅದೂ ಆಳ ಮಾತ್ರ, ಅಲ್ಲಿ ಯಾರು ಬದುಕಿದ್ದಾರೆ ಅಂತಲ್ಲ.

ಇಂಥ ಜಾಗಕ್ಕೆ ಬೆಲೆ ಕಟ್ಟುವ ವಿಷಯಕ್ಕೆ ಬಂದರೆ ಇನ್ನೊಂದು ಎಡವಟ್ಟು. 1997ರಲ್ಲಿ ಕೆಲವು ವಿಜ್ಞಾನಿಗಳು ನೀರು ಶುದ್ಧ ಮಾಡೋದು ಮುಂತಾಗಿ ನಿಸರ್ಗ ಭೂಮಿಯ ಮೇಲೆ ನಮಗೆ ಪುಕ್ಕಟೆ ಮಾಡಿಕೊಡುವ ಎಲ್ಲ ಸೇವೆಗಳಿಗೆ ವರ್ಷಕ್ಕೆ 33 ಲಕ್ಷ ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. ಜಗತ್ತು ಬೆಚ್ಚಿ ನೋಡಿತು, ಸರಿ. ಆದರೆ ಈ ಕೇಬಲ್ ಎಡಕ್ಕೆ ಹೋಗಲೋ ಬಲಕ್ಕೋ ಅನ್ನೋದಕ್ಕೆ ಆ ಸಂಖ್ಯೆ ಏನೂ ಹೇಳಲ್ಲ. ಹಣದ ಲೆಕ್ಕಕ್ಕೆ ಕಾಲದ ಪರಿವೆಯೂ ಕಮ್ಮಿ. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಬೆಳೆಯುವ ಪೊಸಿಡೋನಿಯಾ ಹುಲ್ಲು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುತ್ತದೆ. ಲಂಗರು ಎಳೆದು ಕಿತ್ತ ಮೇಲೆ ಎಷ್ಟು ದಂಡ ಹಾಕಿದರೇನು?

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್ ನೋಡಿಕೊಳ್ಳುವವರ ದಾರಿ. ಯಾವುದು ದುಬಾರಿ ಅಂತ ಕೇಳುತ್ತಾ ಕೂರಲಿಲ್ಲ. ಇಡೀ ಪ್ರದೇಶವನ್ನು 70 ಜೈವಿಕ ವಲಯ ಮಾಡಿದರು, ಅದರಲ್ಲಿ 40 ಹವಳದ ದಿಬ್ಬಗಳಿಲ್ಲದ ಜಾಗಗಳು. ಪ್ರತಿಯೊಂದರಲ್ಲೂ ಕನಿಷ್ಠ ಶೇಕಡಾ 20 ಭಾಗವನ್ನು ಮೀನು ಹಿಡಿಯದಂತೆ ಕಾಯಬೇಕು ಅಂತ ನಿಯಮ ಇಟ್ಟರು. 2004ರಲ್ಲಿ ಮೀನು ಹಿಡಿಯುವಂತಿಲ್ಲದ ಪ್ರದೇಶ ಶೇಕಡಾ 5ಕ್ಕಿಂತ ಕಮ್ಮಿ ಇದ್ದದ್ದು 33 ಆಯಿತು. ಮೀನುಗಾರರು ಸಿಟ್ಟಾದರು, ಪರಿಹಾರದ ಖರ್ಚು ಅಂದಾಜು ಮೀರಿ ಬೆಳೆಯಿತು. ಅದನ್ನು ಮುಚ್ಚಿಟ್ಟು ಹೊಗಳೋದು ಬೇಡ. ಆದರೆ ಕೆಸರಿಗೂ ಪಾಲು ಸಿಕ್ಕಿತು, ಅಲ್ವಾ?

ಹಾಗಾಗಿ ನಕ್ಷೆ ಮಾಡುವವರು ಪ್ರತಿ ಬಣ್ಣದ ಪಕ್ಕ ಇದನ್ನು ಎಷ್ಟು ಗ್ರ್ಯಾಬ್ ಇಳಿಸಿ ಹೇಳುತ್ತಿದ್ದೀರಿ, ಯಾವ ವರ್ಷ ಅಂತ ಬರೆಯಲಿ. ಒಂದೂ ಇಳಿಸಿಲ್ಲದಿದ್ದರೆ ಸೊನ್ನೆ ಅಂತಲೇ ಬರೆಯಲಿ. ಅಲ್ಲಿ ಹೂಳು ಸುರಿಯಲು ಅರ್ಜಿ ಹಾಕುವವರು ಮೊದಲು ಸಮೀಕ್ಷೆಯ ಖರ್ಚು ಕೊಡಲಿ.